ಮೂರೇ ಬೆರಳು

ಕಲೆ ಅಕ್ಕನ ಲಿವರ್ ಆರು ವರ್ಷದಿಂದ ಮೂರು ಬೆರಳೇ ಇತ್ತು. ಕೂದಲೆಳೆಯಷ್ಟು ಹೆಚ್ಚಲಿಲ್ಲ, ಕೂದಲೆಳೆಯಷ್ಟು ಇಳಿಯಲಿಲ್ಲ. ಅವಳದ್ದೊಂದೇ ಅಲ್ಲ. ಕಲೆ ಕೋಣೆಯಲ್ಲಿ ನಿಂತು ಉಜ್ಜುವ ಅಷ್ಟೂ ಹೆಂಗಸರದ್ದು ಮೂರೇ ಬೆರಳು. ದಪ್ಪಗಿದ್ದವಳದ್ದೂ ಮೂರು, ಗಾಳಿ ಬೀಸಿದರೆ ಹಾರಿಹೋಗುವಂತಿದ್ದವಳದ್ದೂ ಮೂರು. ಅವಳಿ ಮಕ್ಕಳಾದರೂ ಇಷ್ಟು ಒಗ್ಗಟ್ಟಾಗಿ ಬೆಳೆಯುವುದಿಲ್ಲ. ಕಂಪನಿಯ ಡಾಕ್ಟರು ಹಾಗಂತ ಬರೆದಿದ್ದರು. ಡಾಕ್ಟರೇ ಬರೆದ ಮೇಲೆ ಲಿವರ್ ಏನು ಮಾಡೀತು, ಹೇಳಿದಷ್ಟಕ್ಕೆ ಸುಮ್ಮನೆ ಬಿದ್ದಿರಬೇಕು.

ಅದೊಂದು ದೊಡ್ಡ ಲಾಂಡ್ರಿ. ಮುಂದೆ ಗಾಜಿನ ಬಾಗಿಲು, ಹೂವಿನ ಕುಂಡ, ನಗುವುದಕ್ಕೆಂದೇ ಇಟ್ಟುಕೊಂಡ ಕೌಂಟರಿನ ಹುಡುಗಿ. ಹಿಂದೆ ತಗಡಿನ ಬಾಗಿಲು. ಕಲೆ ಕೋಣೆಯ ಹೆಂಗಸರು ಹಿಂದಿನ ಬಾಗಿಲಿಂದಲೇ ಬರಬೇಕು, ಹಿಂದಿನ ಬಾಗಿಲಿಂದಲೇ ಹೋಗಬೇಕು. ಗಿರಾಕಿಗಳ ಕಣ್ಣಿಗೆ ಬೀಳಬಾರದು, ಮೂಗಿಗಂತೂ ಬೀಳಲೇಬಾರದು. ಯಂತ್ರದಲ್ಲಿ ಹೋಗದ ಕಲೆಗಳೆಲ್ಲ ಈ ಕೋಣೆಗೆ ಬರುತ್ತಿದ್ದವು. ಎಣ್ಣೆ, ಶಾಯಿ, ಬಣ್ಣ, ರಕ್ತ, ಹೆಂಡತಿಯದ್ದಲ್ಲದ ಲಿಪ್‌ಸ್ಟಿಕ್. ಮೂಲೆಯ ಡ್ರಮ್ಮಿನಲ್ಲಿ ನೀರಿನಂತೆ ತಿಳಿಯಾದ ಒಂದು ದ್ರವ. ಹೆಂಗಸರು ಅದನ್ನು ಮದ್ದು ಅನ್ನುತ್ತಿದ್ದರು. ಬರಿಗೈಯನ್ನು ಮದ್ದಿಗೆ ಅದ್ದಬೇಕು, ಬಗ್ಗಿ ಉಜ್ಜಬೇಕು, ಮತ್ತೆ ಅದ್ದಬೇಕು. ಕೋಣೆಗೆ ಕಿಟಕಿ ಇಲ್ಲ. ಹತ್ತು ಗಂಟೆಗೆ ತಲೆ ತಿರುಗುತ್ತದೆ. ಹನ್ನೆರಡಕ್ಕೆ ನಾಲಿಗೆ ದಪ್ಪವಾಗುತ್ತದೆ. ಸಂಜೆ ಬೆರಳ ಸಂದಿಯಲ್ಲಿ ಚರ್ಮ ಸೀಳಿ ಉರಿಯುತ್ತದೆ. ಬಸ್ಸಿನಲ್ಲಿ ಕಲೆ ಅಕ್ಕನ ಪಕ್ಕದ ಸೀಟು ಯಾವತ್ತೂ ಖಾಲಿ. ಎಷ್ಟೇ ನೂಕುನುಗ್ಗಲಿದ್ದರೂ ಖಾಲಿ. ಮಹಾರಾಣಿಗೂ ಇಲ್ಲದ ಮರ್ಯಾದೆ ಎಂದು ಅವಳೇ ನಗುತ್ತಿದ್ದಳು. ನಗದೆ ಇನ್ನೇನು ಮಾಡುವುದು.

ಕೋಣೆಯ ಗೋಡೆಗೆ ಮೊಳೆ ಹೊಡೆದು ಒಂದು ನಿಯಮದ ಹಲಗೆ ನೇತುಹಾಕಿದ್ದರು. ಪಕ್ಕೆಲುಬಿನ ಕೆಳಗೆ ಲಿವರ್ ನಾಲ್ಕು ಬೆರಳು ಇಳಿದಿದ್ದರೆ ಆ ಕೆಲಸಗಾರ್ತಿಯನ್ನು ಬಟ್ಟೆ ಮಡಿಸುವ ಕೋಣೆಗೆ ವರ್ಗ ಮಾಡತಕ್ಕದ್ದು. ಮಡಿಸುವ ಕೋಣೆಗೆ ನಾಲ್ಕು ಕಿಟಕಿ, ಎರಡು ಫ್ಯಾನು, ಕೂರಲು ಸ್ಟೂಲು. ಸ್ವರ್ಗ ಅಂದರೆ ಸ್ವರ್ಗ. ಆದರೆ ಅಲ್ಲಿಗೆ ಹೋದವರು ಯಾರೂ ಇಲ್ಲ. ಎಲ್ಲರದ್ದೂ ಮೂರೇ ಬೆರಳಲ್ಲವೇ.

ಮೂರಾಗುವುದಕ್ಕೆ ಕಾರಣ ಡಾಕ್ಟರ ಬೆರಳು. ಅವರ ತೋರುಬೆರಳಿಗೆ ಉಂಗುರ ಮಾಡಿಸಿದರೆ ಕೂಸಿಗೆ ಬಳೆಯಾಗುತ್ತಿತ್ತು. ಅದರ ಮೇಲೆ ಕೈಗವಸು ಬೇರೆ. ಆಸ್ಪತ್ರೆಯ ತೆಳು ಗವಸಲ್ಲ, ಮೊಣಕೈವರೆಗಿನ ದಪ್ಪ ರಬ್ಬರಿನದು. ಆ ಗವಸು ನಿಜಕ್ಕೂ ಬಂದಿದ್ದು ಕಲೆ ಕೋಣೆಗೆ. ಇಡೀ ಲಾಂಡ್ರಿಗೆ ಅದೊಂದೇ ಜೊತೆ. ಹೆಂಗಸರಿಗೆ ಕೊಟ್ಟರೆ ಮದ್ದಿಗೆ ಕರಗಿ ಹಾಳಾಗುತ್ತದೆ ಎಂದು ಸೂಪರ್‌ವೈಸರ್ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದ. ಮೂರು ತಿಂಗಳಿಗೊಮ್ಮೆ ಡಾಕ್ಟರು ಬಂದಾಗ ಹೊರಗೆ ತೆಗೆಯುತ್ತಿದ್ದ. ಡಾಕ್ಟರಿಗೆ ಈ ಹೆಂಗಸರ ಮೈ ಮುಟ್ಟಲು ಹೇಸಿಗೆ. ಮದ್ದಿನಿಂದ ಹೆಂಗಸರನ್ನು ಕಾಯಬೇಕಾದ ಗವಸು ಹೆಂಗಸರಿಂದ ಡಾಕ್ಟರನ್ನು ಕಾಯುತ್ತಿತ್ತು.

ಹೋದ ಸಲ ತಪಾಸಣೆಯ ಚೀಟಿಯಲ್ಲಿ ಹೊಸದೊಂದು ಸಾಲು ಬಂದಿತ್ತು. ಲಿವರ್ ಊದಿದ್ದಕ್ಕೆ ಕಾರಣ ಬರೆಯಬೇಕಂತೆ.

"ಕುಡೀತೀಯಾ?" ಡಾಕ್ಟರು ಕೇಳಿದರು.

"ನೀರು ಕುಡೀತೀನಿ ಸಾರ್. ಬಿಡುವು ಕೊಟ್ರೆ."

"ಎಲ್ಲರೂ ಹಿಂಗೇ ಹೇಳೋದು."

ಬರೆದರು: ಮದ್ಯಪಾನದ ಶಂಕೆ. ಎಲ್ಲರಿಗೂ ಅದೇ. ಹೊಟ್ಟೆ ಉಬ್ಬರಿಸಿಕೊಂಡು, ಕಣ್ಣು ಹಳದಿಯಾಗಿ ಕುಂಟುತ್ತ ಕೆಲಸಕ್ಕೆ ಬರುತ್ತಿದ್ದ ಶಾಯಿ ದೊಡ್ಡಮ್ಮನಿಗೂ ಅದೇ. ಶಾಯಿ ಕಲೆ ತೆಗೆಯುವುದರಲ್ಲಿ ಅವಳ ಸಮ ಯಾರೂ ಇರಲಿಲ್ಲ. ಹತ್ತು ದಿನಕ್ಕೆ ಸತ್ತಳು. ಅವಳ ಕೊನೆಯ ಚೀಟಿಯಲ್ಲೂ ಮೂರೇ ಬೆರಳು ಇತ್ತು. ಮಾರನೇ ದಿನ ಅವಳ ಜಾಗಕ್ಕೆ ಹೊಸಬಳು ಬಂದು ನಿಂತಳು. ನಲವತ್ತರ ಹೆಂಗಸು, ಬಾಯಿ ಸತ್ತವಳು. ದೊಡ್ಡಮ್ಮನ ಬ್ರಷ್ಷನ್ನೇ ಅವಳ ಕೈಗೆ ಕೊಟ್ಟರು.

ಕಲೆ ಅಕ್ಕನ ಚೀಟಿ ಮನೆಯಲ್ಲಿ ಅತ್ತೆಯ ಕೈಗೆ ಸಿಕ್ಕಿತು. ಅತ್ತೆ ಶಾಲೆಯಲ್ಲಿ ಆಯಾ ಆಗಿದ್ದವಳು. ಅಕ್ಷರ ಬಲ್ಲಳು, ಅನುಮಾನ ಅದಕ್ಕಿಂತ ಚೆನ್ನಾಗಿ ಬಲ್ಲಳು. ಮಗ ಸತ್ತು ಏಳು ವರ್ಷ. ಸೊಸೆಯೊಬ್ಬಳೇ ದಿಕ್ಕು. ಆ ದಿಕ್ಕು ಕುಡಿಯುತ್ತದೆ ಎಂದರೆ ಹೇಗೆ.

"ಬಾಯಿ ತೆಗಿ," ಅಂದಳು.

"ಏನತ್ತೆ?"

"ಆ ಅನ್ನು."

ಮೂಗು ಹತ್ತಿರ ತಂದು ಮೂಸಿದಳು. ಮದ್ದಿನ ವಾಸನೆ ಗಪ್ಪೆಂದು ಹೊಡೆದು ಅತ್ತೆಯೇ ಗೋಡೆ ಹಿಡಿದುಕೊಂಡಳು.

"ಅಯ್ಯೋ ನಿನ್ನ ಮನೆ ಹಾಳಾಗ, ಯಾವ ಬ್ರಾಂಡೇ ಇದು?"

ಎಂಟು ದಿನ ಅತ್ತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಬಚ್ಚಲಿನ ಫಿನಾಯಿಲ್ ಬಾಟಲಿಗೆ ಗೆರೆ ಎಳೆದು ಗುರುತು ಮಾಡಿದಳು. ಕೆಮ್ಮಿನ ಸಿರಪ್ಪನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದಳು. ಲಾಂಡ್ರಿಯಿಂದ ಮನೆವರೆಗೆ ಮೂರು ಸಂಜೆ ಹಿಂಬಾಲಿಸಿದಳು. ಒಂದು ಸಂಜೆ ಹಿಂದೆ ಬಿದ್ದು ದಾರಿ ತಪ್ಪಿಸಿಕೊಂಡಳು, ಹಿಂಬಾಲಿಸಲು ಹೋದ ಅತ್ತೆಯನ್ನು ಸೊಸೆಯೇ ಹುಡುಕಿ ಕರೆತರಬೇಕಾಯಿತು. ಸಿಕ್ಕಿದ್ದು ಇಷ್ಟೇ: ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಸೊಸೆ ಮೂರು ಕಡೆ ಕೂತು ಸುಧಾರಿಸಿಕೊಳ್ಳುತ್ತಾಳೆ. ಬೆಳಿಗ್ಗೆ ಹಲ್ಲುಜ್ಜುವಾಗ ವಾಂತಿ ಮಾಡುತ್ತಾಳೆ. ಬಲಗಡೆ ಪಕ್ಕೆ ಹಿಡಿದುಕೊಂಡು ಬಟ್ಟೆ ಹಿಂಡುತ್ತಾಳೆ. ಎರಡು ತುತ್ತಿಗೇ ಹೊಟ್ಟೆ ತುಂಬಿತು ಅನ್ನುತ್ತಾಳೆ.

ಒಂಬತ್ತನೇ ದಿನ ಅತ್ತೆ ಚೀಟಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ ನಿಮ್ಮ ಡಾಕ್ಟ್ರು. ನಡಿ, ದೊಡ್ಡಾಸ್ಪತ್ರೆಗೆ."

ದೊಡ್ಡಾಸ್ಪತ್ರೆಯಲ್ಲಿ ಆಗತಾನೇ ಕಲಿತು ಮುಗಿಸಿದ ಹೊಸ ಡಾಕ್ಟರಮ್ಮ ಒಬ್ಬಳಿದ್ದಳು. ಸಣ್ಣ ಜೀವ. ಬೆಳಗಿನಿಂದ ಕೂತಿಲ್ಲದ ಕಾಲು. ಬರಿಗೈಯಲ್ಲಿ ಮುಟ್ಟಿದಳು. ಕೈ ತಣ್ಣಗಿದೆ ಎಂದು ಮೊದಲು ಉಜ್ಜಿ ಬಿಸಿ ಮಾಡಿಕೊಂಡು ಮುಟ್ಟಿದಳು. ಕಲೆ ಅಕ್ಕ ಇದನ್ನು ಎಷ್ಟೋ ದಿನ ನೆನೆಸಿಕೊಂಡಳು.

"ಮೊಣಕಾಲು ಮಡಚಿ. ಉಸಿರು ಎಳ್ಕೊಳ್ಳಿ, ನಿಧಾನಕ್ಕೆ."

ಎಳ್ಕೊಳ್ಳಿ ಅಂದಳು. ಎಳ್ಕೋ ಅನ್ನಲಿಲ್ಲ. ಕಲೆ ಅಕ್ಕ ಹಿಂದೆ ಬೇರೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದಳು. ಡಾಕ್ಟರಮ್ಮ ಕೆಳಗಿನಿಂದ ಒತ್ತುತ್ತ ಬಂದಳು, ಎದೆಯ ಮೇಲೆ ಬೆರಳಿಟ್ಟು ಬೆರಳಿನಿಂದ ಡಬ್ ಡಬ್ ಎಂದು ಬಡಿದಳು, ಆಮೇಲೆ ಸ್ಕೇಲು ಇಟ್ಟು ಅಳೆದಳು.

"ಪಕ್ಕೆ ಕೆಳಗೆ ಎಂಟು ಸೆಂಟಿಮೀಟರ್."

"ಬೆರಳಲ್ಲಿ ಹೇಳವ್ವಾ," ಅಂದಳು ಅತ್ತೆ.

"ಯಾರ ಬೆರಳಲ್ಲಿ?"

ಅತ್ತೆ ತನ್ನ ಬೆರಳು ನೋಡಿಕೊಂಡಳು. ಈ ಪ್ರಶ್ನೆಯನ್ನು ಆರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

"ನನ್ನ ಬೆರಳಲ್ಲಿ ಐದು," ಡಾಕ್ಟರಮ್ಮ ಅಂದಳು. "ಐದು ಬೆರಳೂ ಒಂದೇ ಸಮ ಇರಲ್ಲ ಅಂತಾರಲ್ಲ, ಹತ್ತು ಜನರ ಬೆರಳು ಎಲ್ಲಿಂದ ಸಮ ಇರುತ್ತೆ? ಅದಕ್ಕೇ ಸ್ಕೇಲು."

"ಇವಳು ಕುಡಿಯಲ್ಲವ್ವಾ. ಎಂಟು ದಿನ ಮೂಸಿದೀನಿ."

"ಕುಡಿದ್ರೆ ಮಾತ್ರ ಊದುತ್ತೆ ಅಂತ ಇಲ್ಲಮ್ಮ. ಲಿವರ್ ದೊಡ್ಡದಾಗೋದು ಒಂದು ಗುರುತು, ಅದೇ ಕಾಯಿಲೆ ಅಲ್ಲ. ಕೊಬ್ಬು ಸೇರಿದ್ರೂ ದೊಡ್ಡದಾಗುತ್ತೆ, ಕಾಮಾಲೆಗೂ ಆಗುತ್ತೆ, ಹೃದಯ ಸೋತ್ರೂ ಆಗುತ್ತೆ. ಯಾಕೆ ಅಂತ ಹುಡುಕಬೇಕು. ನೀವು ಏನು ಕೆಲಸ ಮಾಡ್ತೀರಿ?"

"ಕಲೆ ತೆಗೀತೀನಿ. ಮದ್ದಲ್ಲಿ."

ಡಾಕ್ಟರಮ್ಮ ಅವಳ ಕೈ ತಿರುಗಿಸಿ ನೋಡಿದಳು. ಸೀಳಿದ ಬೆರಳ ಸಂದಿಗಳನ್ನು ಒಂದೊಂದಾಗಿ ನೋಡಿದಳು. ಹತ್ತಿರ ಬಂದು ಮೂಸಿದಳು. ಮುಖ ಕಿವುಚಲಿಲ್ಲ.

"ಲಿವರೂ ಇದೇ ಕೆಲಸ ಮಾಡೋದು. ಮೈಯೊಳಗೆ ಬಂದಿದ್ದನ್ನೆಲ್ಲ ಅದು ತೊಳೀಬೇಕು. ನೀವು ಹೊರಗೆ ಊರಿನವರ ಕಲೆ ತೆಗೀತೀರಿ, ಅದು ಒಳಗೆ ನಿಮ್ಮ ಮದ್ದನ್ನ ತೆಗೆಯುತ್ತೆ. ಅದಕ್ಕೂ ರಜಾ ಇಲ್ಲ."

ರಕ್ತ ತೆಗೆದುಕೊಂಡರು, ಹೊಟ್ಟೆಗೆ ಯಂತ್ರ ಇಟ್ಟು ನೋಡಿದರು. ಮುಂದಿನ ವಾರ ಎಲ್ಲ ಕಾಗದ ಎದುರಿಗಿಟ್ಟುಕೊಂಡು ಡಾಕ್ಟರಮ್ಮ ಸ್ಪಷ್ಟವಾಗಿ ಹೇಳಿದಳು: ಬೇರೆ ಕಾರಣ ಕಾಣುತ್ತಿಲ್ಲ, ಮದ್ದೇ. ಈಗ ಬಿಟ್ಟರೆ ಇಳಿಯಬಹುದು. ಬಿಡದಿದ್ದರೆ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೆ ಕೆಲವರದ್ದು ಕುಗ್ಗಿ ಸಣ್ಣದಾಗುತ್ತದೆ. "ಆಗ ಸಣ್ಣದಾಯ್ತು ಅಂತ ಸಂತೋಷ ಪಡಬೇಡಿ. ಆಗ ನನ್ನ ಕೈಲೂ ಏನೂ ಮಾಡಕ್ಕಾಗಲ್ಲ."

ಕಲೆ ಅಕ್ಕ ಕಾಗದ ಹಿಡಿದುಕೊಂಡು ಸೂಪರ್‌ವೈಸರ್ ಹತ್ತಿರ ಹೋದಳು. ಅವನ ಮೇಜು ಕಲೆ ಕೋಣೆಯ ಬಾಗಿಲಲ್ಲೇ ಇತ್ತು. ಅಲ್ಲಿ ಕೂತರೇ ಯಾರು ಬೆನ್ನು ನೆಟ್ಟಗೆ ಮಾಡಿದರು, ಯಾರು ಹೊರಗೆ ಹೋದರು ಎಂದು ಕಾಣುತ್ತಿದ್ದುದು. ಅವನು ಓದಿದ. ತಿರುಗಿಸಿ ಓದಿದ.

"ಇದ್ರಲ್ಲಿ ಸೆಂಟಿಮೀಟರ್ ಇದೆ. ನಿಯಮದಲ್ಲಿ ಬೆರಳಿದೆ."

"ಐದು ಬೆರಳು ಅಂತ ಪಕ್ಕದಲ್ಲೇ ಬರೆದವ್ರೆ ಸಾರ್."

"ಅದು ಆಸ್ಪತ್ರೆ ಬೆರಳು. ನಮಗೆ ಕಂಪನಿ ಬೆರಳು ಆಗಬೇಕು. ತಪಾಸಣೆ ದಿನ ನೋಡೋಣ."

ಕೆಲಸ ಬಿಟ್ಟುಬಿಡು ಎಂದಳು ಅತ್ತೆ. ಬಿಟ್ಟು ಎಲ್ಲಿಗೆ ಹೋಗುವುದು. ಕಲೆ ಅಕ್ಕ ಮೂರು ಕಡೆ ಕೆಲಸ ಕೇಳಿ ಬಂದಳು. ಮೂರೂ ಕಡೆ ಮೂಗು ಮುಚ್ಚಿಕೊಂಡು ಇಲ್ಲ ಎಂದರು. ನಾಲ್ಕನೇ ಬೆರಳೊಂದೇ ಅವಳಿಗೆ ಉಳಿದ ದಾರಿ.

ತಪಾಸಣೆಯ ದಿನ ಬಂತು. ಮಡಿಸುವ ಕೋಣೆಯ ಮೇಜನ್ನು ಕಲೆ ಕೋಣೆಯ ಮುಂದಿನ ಓಣಿಗೆ ಎಳೆದು ಹಾಕಿದರು. ಹೆಂಗಸರು ಸಾಲಾಗಿ ನಿಂತರು. ಹೊಸಬಳು ಗೋಡೆಗೆ ಒರಗಿದ್ದಳು. ಬೆಳಗ್ಗೆಯಿಂದ ಎರಡು ಸಲ ವಾಂತಿ ಮಾಡಿಕೊಂಡಿದ್ದಳು. ಸೂಪರ್‌ವೈಸರ್ ಬೀರು ತೆಗೆದು ಗವಸನ್ನು ಎರಡು ಕೈಯಲ್ಲಿ ತಂದುಕೊಟ್ಟ. ಡಾಕ್ಟರು ಉಸ್ಸಪ್ಪಾ ಎಂದು ಒಂದೊಂದೇ ಬೆರಳನ್ನು ಅದರೊಳಗೆ ತುರುಕಿದರು.

"ಮಲಕ್ಕೋ. ಮಾತಾಡಬೇಡ."

ಕಲೆ ಅಕ್ಕ ಮಲಗಿದಳು. ಡಾಕ್ಟರು ಬೇರೆ ಕಡೆ ಮುಖ ತಿರುಗಿಸಿಕೊಂಡು ಬಟ್ಟೆಯ ಮೇಲೇ ಒಮ್ಮೆ ಅದುಮಿದರು.

"ಮೂರು. ಎದ್ದೇಳು."

ಅವಳು ಏಳಲಿಲ್ಲ.

"ಏಳಮ್ಮ, ಆಯ್ತು."

"ಗವಸು ಬಿಚ್ಚಿ ಸಾರ್."

"ಏನು?"

"ಗವಸು ಬಿಚ್ಚಿ ನೋಡಿ. ನಿಯಮದಲ್ಲಿ ಬೆರಳು ಅಂತಿದೆ. ಗವಸು ಅಂತಿಲ್ಲ."

ಸೂಪರ್‌ವೈಸರ್ ಎದ್ದ. "ಏಯ್, ಏನು ಬಾಲ ಬಿಚ್ತಿದೀಯ? ಕೆಳಗಿಳಿ."

"ನನ್ನ ಹೊಟ್ಟೆ ಎಣಿಸೋವರೆಗೂ ಇಳಿಯಲ್ಲ."

"ನಿನ್ನ ಮೈಯಿಂದ ಬರೋ ವಾಸನೆಗೆ ಬರಿಗೈಯಲ್ಲಿ ಮುಟ್ಟಬೇಕಾ?" ಡಾಕ್ಟರು ಕೇಳಿದರು.

ಕಲೆ ಅಕ್ಕನ ಮೈ ಉರಿಯಿತು. ಆರು ವರ್ಷದ ಉರಿ. ಮಲಗಿದಲ್ಲಿಂದಲೇ ಹೇಳಿದಳು:

"ಈ ವಾಸನೆ ನಿಮ್ಮ ಬಿಳಿ ಕೋಟಿಂದು ಸಾರ್. ಹೋದ ವಾರ ಎದೆ ಮೇಲೆ ಅಂಗೈಯಗಲ ಎಣ್ಣೆ ಚೆಲ್ಕೊಂಡಿದ್ರಲ್ಲ, ನಾನೇ ತೆಗೆದಿದ್ದು. ಇದೇ ಕೈಯಲ್ಲಿ. ಆ ಕೋಟು ಹಾಕ್ಕೊಳ್ಳೋಕೆ ಹೇಸಿಗೆ ಆಗಲಿಲ್ವಾ?"

ಹೇಳಿದವಳೇ ಕೈ ಚಾಚಿ ಗವಸಿನ ತುದಿ ಹಿಡಿದು ಎಳೆದಳು. ಗವಸು ಬರಲಿಲ್ಲ. ಆ ಬೆರಳುಗಳು ಒಳಗೆ ಸೇರಿಕೊಂಡ ಮೇಲೆ ಸಲೀಸಾಗಿ ಬರುತ್ತವೆಯೇ. ಡಾಕ್ಟರು ಆ ಕಡೆ ಎಳೆದರು, ಇವಳು ಈ ಕಡೆ. ರಬ್ಬರು ಮೊಳದುದ್ದ ಉದ್ದವಾಯಿತು. ಸೂಪರ್‌ವೈಸರ್ ಡಾಕ್ಟರ ಸೊಂಟ ಹಿಡಿದುಕೊಂಡು ಹಿಂದಕ್ಕೆ ಜಗ್ಗಿದ. ಇದೇ ಹೊತ್ತಿಗೆ ತಗಡಿನ ಬಾಗಿಲು ದಬ್ಬಿಕೊಂಡು ಅತ್ತೆ ಬಂದಳು. ತಪಾಸಣೆಯ ದಿನ ಸೊಸೆಯ ಪರವಾಗಿ ಸಾಕ್ಷಿ ಹೇಳಬೇಕೆಂದು ಬಂದವಳಿಗೆ ಕಂಡದ್ದು, ಇಬ್ಬರು ಗಂಡಸರು ತನ್ನ ಸೊಸೆಯನ್ನು ಮೇಜಿನಿಂದ ಎಳೆಯುತ್ತಿದ್ದಾರೆ.

"ಬಿಡ್ರೋ ನನ್ನ ಸೊಸೇನ," ಎಂದು ಬಂದವಳೇ ಸೊಸೆಯ ಕೈ ಹಿಡಿದು ತಾನೂ ಜಗ್ಗಿದಳು. ಹಿಂದಿನಿಂದ ಹೆಂಗಸರು ಅತ್ತೆಯನ್ನು ಹಿಡಿದರು. ಫಟ್ ಎಂದು ಗವಸು ಕಳಚಿತು. ಸೂಪರ್‌ವೈಸರ್ ಕುರ್ಚಿಯ ಮೇಲೆ ಬಿದ್ದ, ಡಾಕ್ಟರು ಸೂಪರ್‌ವೈಸರ್ ತೊಡೆಯ ಮೇಲೆ ಬಿದ್ದರು. ಕುರ್ಚಿ ಪಾಪ ತಡೆದುಕೊಂಡಿತು. ಕೌಂಟರಿನ ಹುಡುಗಿ ಸದ್ದು ಕೇಳಿ ಓಡಿಬಂದು, ನಗುವ ಕೆಲಸವನ್ನು ಮೊದಲ ಸಲ ಮನಸ್ಸಿಟ್ಟು ಮಾಡಿದಳು.

ಕಲೆ ಅಕ್ಕ ನಗಲಿಲ್ಲ. ಡಾಕ್ಟರು ಎದ್ದು ಸುಧಾರಿಸಿಕೊಳ್ಳುವಷ್ಟರಲ್ಲಿ ಅವರ ಬರಿಗೈ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು.

"ಈಗ ಎಣಿಸಿ."

ಡಾಕ್ಟರು ಕೈ ಕಿತ್ತುಕೊಳ್ಳಲು ನೋಡಿದರು. ಆಮೇಲೆ ಸುಮ್ಮನಾದರು. ಬೆರಳಿಗೆ ಏನೋ ತಗುಲಿತ್ತು. ಕೆಳಗಿನಿಂದ ಒತ್ತುತ್ತ ಬಂದರು. ಕಾಲೇಜಿನಲ್ಲಿ ಕಲಿತದ್ದು ಕೈಗೆ ನೆನಪಿತ್ತು, ಅವರಿಗೆ ಮರೆತಿತ್ತು.

"ಉಸಿರು ಎಳ್ಕೋ."

ಎಳೆದುಕೊಂಡಳು. ಅವರ ಮುಖದ ಸಿಟ್ಟು ಇಳಿಯಿತು.

"ಎಷ್ಟು ದಿನದಿಂದ ಹಿಂಗಿದೆ?"

"ನಿಮಗೇ ಗೊತ್ತಿರಬೇಕು. ಆರು ವರ್ಷದಿಂದ ನೀವೇ ನೋಡ್ತಿದೀರಿ."

ಡಾಕ್ಟರು ಬೆರಳಿಟ್ಟು ಎಣಿಸಿದರು. "ನಾಲ್ಕು. ಮೇಲೊಂದು ಚೂರು."

"ತಾಳಿ," ಎಂದು ಅತ್ತೆ ಅವರ ಕೈ ಸರಿಸಿ ತನ್ನ ಕಡ್ಡಿಯಂಥ ಬೆರಳುಗಳನ್ನಿಟ್ಟಳು. "ನನ್ನ ಬೆರಳಲ್ಲಿ ಆರು. ಬರ್ಕೊಳ್ಳಿ."

"ನಿಮ್ಮ ಬೆರಳು ಇಲ್ಲಿ ನಡೆಯಲ್ಲಮ್ಮ," ಅಂದ ಸೂಪರ್‌ವೈಸರ್. ಡಾಕ್ಟರ ಕಡೆ ತಿರುಗಿ, "ಸಾರ್, ಈಗ ತಾನೇ ಮೂರು ಅಂದ್ರಿ. ಐದು ನಿಮಿಷಕ್ಕೆ ಬೆಳೀತಾ?"

"ಬೆಳೆದಿದ್ದು ಲಿವರ್ ಅಲ್ಲ," ಅಂದಳು ಕಲೆ ಅಕ್ಕ. "ಸಾರ್ ಬೆರಳು ಇಳೀತು."

ನಾಲ್ಕು ಅಂದರೆ ನಾಲ್ಕು. ತೆರೆದ ಬಾಗಿಲಿನಿಂದ ಹಲಗೆ ಕಾಣುತ್ತಿತ್ತು. ಸೂಪರ್‌ವೈಸರ್ ಹಲ್ಲು ಕಚ್ಚಿಕೊಂಡು ಹೇಳಿದ: "ಆಯ್ತು, ಗೆದ್ದೆ. ನಾಳೆಯಿಂದ ಮಡಿಸೋ ಕೋಣೆಗೆ ಹೋಗು. ಉಳಿದವರೆಲ್ಲ ಒಳಗೆ ನಡೀರಿ, ಅರ್ಧ ದಿನ ಹಾಳಾಯ್ತು."

ಕಲೆ ಅಕ್ಕನಿಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಬೇಕು. ಕಿಟಕಿ, ಫ್ಯಾನು, ಸ್ಟೂಲು ಮೂರೂ ಕಣ್ಣ ಮುಂದೆ ಬಂದವು. ಬದುಕುತ್ತೇನೆ ಅನ್ನಿಸಿತು. ಮೇಜಿನಿಂದ ಇಳಿದಳು. ಹೊಸಬಳು ಗೋಡೆ ಬಿಟ್ಟು, ತಲೆ ತಗ್ಗಿಸಿಕೊಂಡು ಕಲೆ ಕೋಣೆಯ ಕಡೆ ಹೊರಟಿದ್ದಳು. ಕೈಯಲ್ಲಿ ಶಾಯಿ ದೊಡ್ಡಮ್ಮನ ಬ್ರಷ್ಷು.

"ನಿಂತ್ಕೊಳ್ಳೇ," ಅಂದಳು ಕಲೆ ಅಕ್ಕ. "ಎಲ್ಲಿಗೆ ಹೋಗ್ತೀಯ? ನಿಂದು ಎಣಿಸಿಲ್ಲ." ಡಾಕ್ಟರಿಗೆ ಹೇಳಿದಳು: "ಎಲ್ಲರದ್ದೂ ನೋಡಿ ಸಾರ್. ಹೀಗೇ, ಬರಿಗೈಯಲ್ಲಿ."

ಡಾಕ್ಟರು ನೋಡಿದರು. ಯಾಕೆ ನೋಡಿದರು ಎಂದು ಅವರನ್ನೇ ಕೇಳಬೇಕು. ಒಂದೊಂದು ಹೊಟ್ಟೆಗೂ ಕೈ ನಿಧಾನವಾಗುತ್ತ ಹೋಯಿತು. ನಾಲ್ಕು. ನಾಲ್ಕೂವರೆ. ಮೂರು. ಐದು. ಐದು ಅಂದ ಮೇಲೆ ಮತ್ತೊಮ್ಮೆ ಒತ್ತಿ ಎಣಿಸಿದರು. ಕೊನೆಗೆ ಹೊಸಬಳು ಮಲಗಿದಳು.

"ಎರಡು. ಎಷ್ಟು ದಿನ ಆಯ್ತು ಬಂದು?"

"ಮೂರು ತಿಂಗಳಾಗಿಲ್ಲ ಸಾರ್," ಅಂದಳು. ಅಲ್ಲಿ ಅವಳು ಆಡಿದ ಮೊದಲ ಮಾತು ಅದು.

ಕಲೆ ಅಕ್ಕನೂ ಸೇರಿ ಏಳು ಜನರದ್ದು ನಾಲ್ಕು ಮುಟ್ಟಿತ್ತು. ನಾಲ್ವರದ್ದು ಮುಟ್ಟಿರಲಿಲ್ಲ. "ನಿಯಮ ನಿಯಮ," ಅಂದ ಸೂಪರ್‌ವೈಸರ್. "ನೀವು ನಾಲ್ಕು ಜನ ಒಳಗೆ ಹೋಗಿ. ಹನ್ನೊಂದು ಜನರ ಕೆಲಸ ಇದೆ, ಬೇಗ ಬೇಗ ಕೈ ಆಡಿಸಿ."

ಕಲೆ ಅಕ್ಕ ಕಲೆ ಕೋಣೆಯ ಬಾಗಿಲೆಳೆದು ಚಿಲಕ ಹಾಕಿದಳು. ಹೊಸ್ತಿಲ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

"ನಿಂಗೆ ಸಿಕ್ತಲ್ಲ, ಇನ್ನೇನು ಬೇಕು?"

"ಸಾರ್, ಬಟ್ಟೆ ಮೇಲೆ ಕಲೆ ಬಿದ್ರೆ ನಾಲ್ಕು ಬೆರಳು ಹರಡಲಿ ಅಂತ ಕಾಯ್ತೀವಾ? ಎರಡು ಬೆರಳಿದ್ದಾಗ್ಲೇ ಒರೆಸ್ತೀವಿ. ಕಾದ್ರೆ ಕೂತ್ಬಿಡುತ್ತೆ, ಆಮೇಲೆ ಯಾವ ಮದ್ದಿಗೂ ಬರಲ್ಲ. ಅಂಗಿಗೆ ಇರೋ ನಿಯಮ ಇವಳ ಹೊಟ್ಟೆಗಿಲ್ವಾ?"

"ಬಾಗಿಲು ತೆಗಿ."

"ತೆಗೆಯಲ್ಲ."

"ಕೆಲಸದಿಂದ ತೆಗೀತೀನಿ."

"ತೆಗೀರಿ. ಎರಡು ಬೆರಳು, ಒಂದು ಬೆರಳು, ಯಾರೂ ಒಳಗೆ ಹೋಗಲ್ಲ. ಗೋಡೆ ಒಡೆದು ಕಿಟಕಿ ಇಡಿ. ಹನ್ನೊಂದು ಜೊತೆ ಗವಸು ತನ್ನಿ. ಆಮೇಲೆ ಮಾತಾಡೋಣ."

ಉಳಿದ ಹತ್ತು ಜನ ಬಂದು ಅವಳ ಅಕ್ಕಪಕ್ಕ ಕೂತರು. ಹೊಸ್ತಿಲು ಸಾಲದೆ ಒಬ್ಬರ ಮೇಲೊಬ್ಬರು ಕೂತರು. ಬಾಗಿಲು ಕಾಣದಂತಾಯಿತು. ಇಷ್ಟರಲ್ಲಿ ಸುದ್ದಿ ಲಾಂಡ್ರಿಯೆಲ್ಲ ಹರಡಿ, ಇಸ್ತ್ರಿಯವರು ಬಂದರು, ದರ್ಜಿ ಬಂದ, ನಗುವುದನ್ನು ನಿಲ್ಲಿಸಿ ಕೌಂಟರಿನ ಹುಡುಗಿಯೂ ಬಂದಳು. ನಮ್ಮದೂ ಒಂದ್ಸಲ ನೋಡಿ ಸಾರ್ ಎಂದು ಮೇಜಿನ ಮುಂದೆ ಸಾಲು ಹಚ್ಚಿದರು. ಲಾಂಡ್ರಿಗೆ ಸಂಬಂಧವೇ ಇಲ್ಲದ ಅತ್ತೆಯೂ ಸಾಲಿನ ಕೊನೆಯಲ್ಲಿ ನಿಂತಳು. ಪುಕ್ಕಟೆ ಡಾಕ್ಟರು ದಿನಾ ಸಿಗುತ್ತಾರೆಯೇ.

"ಸಾರ್, ನೀವಾದ್ರೂ ಹೇಳಿ ಇವರಿಗೆ," ಸೂಪರ್‌ವೈಸರ್ ಡಾಕ್ಟರನ್ನು ಕೇಳಿದ.

ಡಾಕ್ಟರು ಅವನನ್ನೇ ನೋಡುತ್ತಿದ್ದರು. ಅವನ ಕಣ್ಣಿನ ಹಳದಿ ತಿರುಗಿದ ಬಿಳಿ ಭಾಗವನ್ನು ನೋಡುತ್ತಿದ್ದರು.

"ನೀನು ಇಲ್ಲಿ ಎಷ್ಟು ವರ್ಷದಿಂದ ಇದೀಯಪ್ಪ?"

"ಒಂಬತ್ತು. ನಾನು ಒಳಗೆ ಕಾಲಿಡಲ್ಲ ಸಾರ್. ಬಾಗಿಲಲ್ಲಿ ಕೂತಿರ್ತೀನಿ ಅಷ್ಟೇ."

"ಬಾಗಿಲು ಹಾಕಿರುತ್ತಾ?"

"ಹಾಕಿದ್ರೆ ಇವರು ಕೆಲಸ ಮಾಡ್ತಾರಾ? ತೆಗೆದೇ ಇರುತ್ತೆ."

ಸೂಪರ್‌ವೈಸರ್ ಕೈ ಅಂಗಿಯ ಬಲಗಡೆ, ಪಕ್ಕೆಲುಬಿನ ಕೆಳಗೆ ತಾನಾಗಿ ಹೋಯಿತು. ಒತ್ತಿ ನೋಡಿಕೊಂಡ. ಇನ್ನೊಮ್ಮೆ ಒತ್ತಿದ. ಮುಖದ ಬಣ್ಣ ಹೋಯಿತು. ಅಂಗಿಯ ಗುಂಡಿ ಬಿಚ್ಚುತ್ತ ನೆಟ್ಟಗೆ ಮೇಜಿನ ಹತ್ತಿರ ಬಂದ.

"ಸಾಲಲ್ಲಿ ಬನ್ನಿ ಸಾರ್," ಹೊಸ್ತಿಲ ಮೇಲಿನಿಂದ ಹೊಸಬಳು ಹೇಳಿದಳು.

ಅವನು ಅವಳನ್ನು ನೋಡಿದ. ಸಾಲನ್ನು ನೋಡಿದ. ಗುಂಡಿ ಬಿಚ್ಚಿದ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡು ಹಿಂದಕ್ಕೆ ಹೋಗಿ ಅತ್ತೆಯ ಹಿಂದೆ ನಿಂತ.

"ಅಮ್ಮಾ, ಸ್ವಲ್ಪ ಜಾಗ ಬಿಡ್ತೀರಾ?" ಮೆಲ್ಲಗೆ ಕೇಳಿದ.

"ಇಲ್ಲಪ್ಪ," ಅಂದಳು ಅತ್ತೆ. "ನಾನು ಮೊದಲು ಬಂದಿದೀನಿ."